ಶಾಖವನ್ನುಳಿಸುವ ವಾಯುಸಂಚಾರ: ಗೃಹನಿರ್ಮಾಣದ ಚರಿತ್ರೆಯಲ್ಲಿ ಒಂದು ಅಧ್ಯಾಯ

ಮನೆಯ ಗೋಡೆ, ಮಾಡು, ಕಂಬ, ತೊಲೆಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಮನೆಯೊಳಗಿನ ಗಾಳಿಯ ಚರಿತ್ರೆಯನ್ನು ಬರೆದವರು ವಿರಳ. ಇದಕ್ಕೆ ಕಾರಣವಿಲ್ಲದಿಲ್ಲ. ಗೋಡೆ ಕುಸಿದರೂ ಅದರ ತಳಪಾಯ ಉಳಿದಿರುವುದು; ಗಾಳಿ ತನ್ನ ಕುರುಹನ್ನು ಉಳಿಸಿಹೋಗುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ೧೯೭೩ರ ಅಕ್ಟೋಬರ್ ತಿಂಗಳ ತೈಲಸಂಕಟವನ್ನು ಬೋಧಿಸುವಾಗ ಅರಬ್-ಇಸ್ರೇಲಿ ಯುದ್ಧ, ತೈಲ ರಫ್ತುಮಾಡುವ ರಾಷ್ಟ್ರಗಳ ನಿರ್ಬಂಧ, ಬೆಲೆಯ ಏರಿಕೆ, ರಾಜತಂತ್ರದ ಏಳುಬೀಳುಗಳು, ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಆ ಸಂಕಟದಿಂದ ಶೀತದೇಶಗಳ ಸಾಮಾನ್ಯ ಮನೆಯೊಂದರ ಒಳಗೆ ಏನಾಯಿತೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಉತ್ತರ ಹೇಳಲು ನಾವು ತಡವರಿಸಬೇಕಾಗುವುದು. ಆ ಉತ್ತರದ ಒಂದು ಭಾಗವನ್ನಾದರೂ ಒದಗಿಸುವ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಮನೆಯಿಂದ ಹೊರಗೆ ಹೋಗುವ ಕೆಟ್ಟ ಗಾಳಿಯ ಬಿಸಿಯನ್ನು ಒಳಕ್ಕೆ ಬರುವ ಹೊಸ ಗಾಳಿಗೆ ದಾಟಿಸುವ ಯಂತ್ರವೊಂದುಂಟು. ಇದನ್ನು ‘ಹೀಟ್ ರಿಕವರಿ ವೆಂಟಿಲೇಟರ್’ ಎಂದೂ ಸಂಕ್ಷೇಪವಾಗಿ ಎಚ್.ಆರ್.ವಿ. ಎಂದೂ ಕರೆಯುವರು. ಶಾಖವಿನಿಮಯ ಯಂತ್ರವೆಂದು ಕರೆಯುವುದು ನಮಗೆ ಅನುಕೂಲ. ಕಿಟಕಿ ತೆರೆದು ಮಲಗುವ, ಬೆಳಕಿಂಡಿಯಿಂದ ಹೊಗೆಯನ್ನು ಕಳುಹಿಸುವ, ತೊಟ್ಟಿಯಲ್ಲಿ ಆಕಾಶವನ್ನೇ ಮನೆಯೊಳಕ್ಕೆ ಕರೆದುಕೊಂಡಿರುವ ನಾಡಿನವರಿಗೆ ಇಂತಹ ಯಂತ್ರವೊಂದರ ಅಗತ್ಯವೇ ಸುಲಭವಾಗಿ ಹೊಳೆಯಲಾರದು. ಆದುದರಿಂದ ಮೊದಲು ಅದರ ಲೆಕ್ಕವನ್ನು ನೋಡುವುದು ಒಳ್ಳೆಯದು.

ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಒಂದು ವಾಟ್-ಗಂಟೆಯ ಮೂರನೆಯ ಒಂದು ಪಾಲಿನಷ್ಟು ಶಕ್ತಿ ಬೇಕು. ನಾಲ್ಕೈದು ಜನರಿರುವ ಮನೆಗೆ ಗಂಟೆಗೆ ಸುಮಾರು ೧೫೦ ಘನ ಮೀಟರ್ ಹೊಸ ಗಾಳಿ ಬೇಕೆಂದು ಇಟ್ಟುಕೊಳ್ಳೋಣ. ಹೊರಗೆ ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ, ಒಳಗೆ ೨೦ ಡಿಗ್ರಿ ಮೇಲೆ ಇದ್ದರೆ ಅಂತರ ೪೦ ಡಿಗ್ರಿ. ಗುಣಿಸಿದರೆ ಗಾಳಿಯೊಂದನ್ನೇ ಬಿಸಿಮಾಡಲು ಹಗಲೂ ರಾತ್ರಿಯೂ ಎಡೆಬಿಡದೆ ೨೦೦೦ ವಾಟು ಬೇಕಾಗುವುದು. ಹೊರಹೋಗುವ ಗಾಳಿಯನ್ನೂ ಒಳಬರುವ ಗಾಳಿಯನ್ನೂ ತೆಳುವಾದ ಹಾಳೆಗಳ ಎರಡು ಮಗ್ಗುಲುಗಳಲ್ಲಿ, ಒಂದಕ್ಕೊಂದು ಬೆರೆಯದಂತೆ, ಎದುರುಬದುರಾಗಿ ಹರಿಯಿಸಿದರೆ ಬಿಸಿ ಮಾತ್ರ ಹಾಳೆಯನ್ನು ದಾಟುವುದು; ಕೊಳೆ ದಾಟದು. ನೂರಕ್ಕೆ ೭೫ರಷ್ಟು ಬಿಸಿ ಹೀಗೆ ದಾಟಿತೆಂದರೆ ಹೊರಗಿನ ಗಾಳಿ ಕೊಠಡಿಗೆ ಬರುವ ಹೊತ್ತಿಗೆ ೧೦ ಡಿಗ್ರಿ ಮುಟ್ಟಿರುವುದು. ೨೦೦೦ ವಾಟಿನ ಕೆಲಸ ೫೦೦ರಲ್ಲಿ ಮುಗಿಯುವುದು. ಎರಡು ಬೀಸಣಿಗೆಗಳು, ಹಾಳೆಗಳ ಒಂದು ಪೆಟ್ಟಿಗೆ, ಧೂಳು ಸೋಸುವ ಫಿಲ್ಟರುಗಳು, ನಾಲ್ಕು ಕೊಳವೆಗಳ ಬಾಯಿ, ತೊಟ್ಟಿಕ್ಕುವ ನೀರು ಹರಿದುಹೋಗಲು ಒಂದು ಸಣ್ಣ ನಳಿಗೆ: ಯಂತ್ರವೆಂದರೆ ಇಷ್ಟೇ.

ಇಷ್ಟು ಸರಳವಾದ ವಸ್ತು ಮನೆಯನ್ನು ಹೊಕ್ಕಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ. ಹಾಗೆಂದು ಅದರ ಹಿಂದಿನ ವಿಚಾರ ಹೊಸದೆಂದು ಯಾರೂ ಭಾವಿಸಬಾರದು. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ೧೮೧೬ರಲ್ಲಿಯೇ ತನ್ನ ಬಿಸಿಗಾಳಿಯ ಎಂಜಿನ್ನಿಗೆ ಪೇಟೆಂಟ್ ಪಡೆದಾಗ, ವ್ಯರ್ಥವಾಗಿ ಹೋಗುವ ಬಿಸಿಯನ್ನು ಹಿಡಿದಿಟ್ಟು ಮತ್ತೆ ಕೊಡುವ ಭಾಗವೊಂದನ್ನು ಅದರಲ್ಲಿ ಸೇರಿಸಿದ್ದನು. ಫ್ರೀಡ್ರಿಶ್ ಸೀಮೆನ್ಸನು ೧೮೫೬ರಲ್ಲಿ ಅದೇ ತತ್ತ್ವವನ್ನು ಕುಲುಮೆಗೆ ಅಳವಡಿಸಿದನು; ಗಾಜಿನ ಮತ್ತು ಉಕ್ಕಿನ ಕೈಗಾರಿಕೆಗಳು ಅದರಿಂದ ಬದಲಾದವು. ಸ್ವೀಡನ್ನಿನ ಫ್ರೆಡ್ರಿಕ್ ಯುಂಗ್‌ಸ್ಟ್ರೋಮನು ಬಾಯ್ಲರಿನ ಹೊಗೆಯ ಬಿಸಿಯಿಂದ ಒಳಗಾಳಿಯನ್ನು ಕಾಯಿಸುವ ತಿರುಗುವ ಯಂತ್ರವನ್ನು ೧೯೨೦ರ ವೇಳೆಗೆ ಕಾರ್ಯಗತಗೊಳಿಸಿದ್ದನು. ಹೀಗಿರಲು, ಕಾರ್ಖಾನೆಯಲ್ಲಿ ಒಂದೂವರೆ ಶತಮಾನದಿಂದ ಬಲ್ಲವರು ಬಲ್ಲ ಉಪಾಯವೊಂದು ಪಕ್ಕದ ಮನೆಯ ಹೊಸ್ತಿಲನ್ನು ದಾಟಲು ೧೯೭೫ರ ತನಕ ಏಕೆ ಕಾಯಬೇಕಾಯಿತು? ಇಂಧನ ಅಗ್ಗವಾಗಿದ್ದುದೇ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಇದು ನಿಜವೇ ಆದರೂ ಪೂರ್ತಿ ನಿಜವಲ್ಲವೆಂದು ನಮಗೆ ತೋರುವುದು. ಮನೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬ ವಿಷಯದಲ್ಲಿ ನೆಲೆಸಿದ್ದ ಒಂದು ತಪ್ಪು ತಿಳಿವಳಿಕೆಯೂ ಇದಕ್ಕೆ ಅಷ್ಟೇ ಮಟ್ಟಿಗೆ ಕಾರಣ.

ಆ ತಪ್ಪಿನ ಮೂಲ ಒಬ್ಬ ಮಹಾವಿದ್ವಾಂಸನಲ್ಲಿದೆ. ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರನು ಆರೋಗ್ಯಶಾಸ್ತ್ರವನ್ನು ಪ್ರಯೋಗಶಾಲೆಗೆ ತಂದವರಲ್ಲಿ ಅಗ್ರಗಣ್ಯನು. ಜನರಿಂದ ತುಂಬಿದ ಕೊಠಡಿಯ ಗಾಳಿ ಕೆಟ್ಟಿದೆಯೆಂಬುದನ್ನು ಅಳೆಯುವುದು ಹೇಗೆ? ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆದರೆ ಉಳಿದ ಕೊಳೆಯ ಅಂದಾಜು ಸಿಕ್ಕುವುದೆಂದು ಅವನು ೧೮೫೮ರಲ್ಲಿ ಪ್ರತಿಪಾದಿಸಿದನು. ಸಾವಿರಕ್ಕೆ ಒಂದು ಪಾಲು, ಎಂದರೆ ದಶಲಕ್ಷಕ್ಕೆ ೧೦೦೦, ಇದಕ್ಕಿಂತ ಹೆಚ್ಚಾಗಬಾರದೆಂದು ಅವನು ಹಾಕಿದ ಗೆರೆ ಇಂದಿಗೂ ಗ್ರಂಥಗಳಲ್ಲಿ ಉಳಿದುಬಂದಿದೆ. (ಆಗ ಹೊರಗಿನ ಗಾಳಿಯಲ್ಲಿಯೇ ಈ ಅನಿಲ ದಶಲಕ್ಷಕ್ಕೆ ೨೯೦ರ ಆಸುಪಾಸಿನಲ್ಲಿದ್ದಿತು, ಈಗ ೪೨೦ನ್ನು ಮೀರಿದೆ. ಪೆಟ್ಟೆನ್‌ಕೋಫರನ ಗೆರೆ ನಿಂತಲ್ಲಿಯೇ ನಿಂತಿದೆ, ನೆಲ ಮಾತ್ರ ಮೇಲೆದ್ದಿದೆ.)

ಅದೇ ವರ್ಷ ಅವನು ಪ್ರಕಟಿಸಿದ ಇನ್ನೊಂದು ಪ್ರಯೋಗದ ಕಥೆಯೇ ಬೇರೆ. ಇಟ್ಟಿಗೆ ಗೋಡೆಯ ತನ್ನ ಕೊಠಡಿಯಲ್ಲಿ ಗಾಳಿ ಎಷ್ಟು ಬದಲಾಗುತ್ತದೆಂದು ಅವನು ಅಳೆದನು. ಬಾಗಿಲು ಕಿಟಕಿಗಳನ್ನು ಮುಚ್ಚಿದ್ದಾಗಲೂ, ಒಳಗೂ ಹೊರಗೂ ಸುಮಾರು ೧೯ ಡಿಗ್ರಿಯ ಅಂತರವಿರುವಾಗ, ಗಂಟೆಗೆ ೭೫ ಘನ ಮೀಟರ್ ಗಾಳಿ ಬದಲಾಯಿತು. ಅನಂತರ ಕಣ್ಣಿಗೆ ಕಂಡ ಸಂದುಗೊಂದುಗಳನ್ನೆಲ್ಲ ಅಂಟುಕಾಗದದಿಂದ ಮುಚ್ಚಿ ಮತ್ತೆ ಅಳೆದನು. ೫೪ ಘನ ಮೀಟರ್ ಬಂದಿತು. ಕಡಮೆಯಾದುದು ನೂರಕ್ಕೆ ೨೮ ಮಾತ್ರ. ಸಂದುಗಳೆಲ್ಲ ಮುಚ್ಚಿದ ಮೇಲೂ ಗಾಳಿ ಬರುತ್ತಿದೆಯಾದರೆ ಅದು ಗೋಡೆಯ ಮೂಲಕವೇ ಬರುತ್ತಿರಬೇಕೆಂದು ಅವನು ತೀರ್ಮಾನಿಸಿದನು. ಗೋಡೆ ಉಸಿರಾಡುತ್ತದೆಂಬ ಮಾತು ಹೀಗೆ ಹುಟ್ಟಿ ಜರ್ಮನಿಯಿಂದ ಎಲ್ಲ ಕಡೆಗೂ ಹರಡಿತು. ಸುಣ್ಣಬಣ್ಣವಾದ ಗೋಡೆಯಲ್ಲಿ ಗಾಳಿ ಹರಿಯುವುದು ನಗಣ್ಯವೆಂದು ಎರ್ವಿನ್ ರೈಶ್ ಎಂಬ ವಿಜ್ಞಾನಿ ಅಳೆದು ತೋರಿಸಿದ್ದು ೧೯೨೮ರಲ್ಲಿ, ಎಂದರೆ ಎಪ್ಪತ್ತು ವರ್ಷಗಳ ಮೇಲೆ. ಪೆಟ್ಟೆನ್‌ಕೋಫರನ ಕಣ್ಣು ತಪ್ಪಿಸಿದ ಕಂಡಿಗಳು ಆ ಕೊಠಡಿಯಲ್ಲಿ ಇನ್ನೂ ಉಳಿದಿದ್ದವೆಂಬುದೇ ಸರಿಯಾದ ವಿವರಣೆ. ಅಳತೆ ಸರಿಯಾಗಿದ್ದು ಅನುಮಾನ ತಪ್ಪಿದ ಉದಾಹರಣೆಯಾಗಿ ಇದನ್ನು ಇತಿಹಾಸದ ವಿದ್ಯಾರ್ಥಿಗಳ ಮುಂದೆ ಧಾರಾಳವಾಗಿ ಇಡಬಹುದು. ಕಾಲರಾ ರೋಗಕ್ಕೆ ಕ್ರಿಮಿಯೊಂದೇ ಕಾರಣವಲ್ಲವೆಂದು ಸಾಧಿಸಲು ೧೮೯೨ರಲ್ಲಿ ಆ ಕ್ರಿಮಿಗಳಿದ್ದ ದ್ರವವನ್ನೇ ಕುಡಿದ ಧೀರನೂ ಇವನೇ ಎಂಬುದನ್ನು ನೆನೆದರೆ ಅವನ ಛಲದ ಪರಿಚಯವಾಗುವುದು.

ಗೋಡೆಯೇ ಉಸಿರಾಡುವುದಾದರೆ ಗಾಳಿಗೆ ಬೇರೆ ದಾರಿ ಮಾಡುವುದೇಕೆ? ಹೊರಹೋಗುವ ಬಿಸಿಯನ್ನು ಹಿಡಿಯುವುದಾದರೂ ಎಲ್ಲಿ? ಗಾಳಿ ಒಂದೇ ಬಾಯಿಂದ ಹೊರಬಿದ್ದರೆ ತಾನೆ ಅದರ ಬಿಸಿಯನ್ನು ತಡೆದು ಕಿತ್ತುಕೊಳ್ಳಬಹುದು! ನೂರು ಬಿರುಕುಗಳಿಂದ ಸೋರುವ ಮನೆಯಲ್ಲಿ ಶಾಖವಿನಿಮಯ ಯಂತ್ರವನ್ನು ಇಟ್ಟರೆ, ತೂತುಬಿದ್ದ ಕೊಡಕ್ಕೆ ಬೆಳ್ಳಿಯ ಮುಚ್ಚಳ ಹಾಕಿದಂತೆ ಆಗುವುದು. ಆದುದರಿಂದ ಈ ಯಂತ್ರದ ಚರಿತ್ರೆ ವಸ್ತುತಃ ಸೋರದ ಮನೆಯ ಚರಿತ್ರೆಯೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿಗೆ ದಾರಿ ಮಾಡಿಕೊಟ್ಟ ಮನೆಗಳು ಇರಲೇ ಇಲ್ಲವೆಂದಲ್ಲ. ಕಿಟಕಿಗಳ ಮೇಲೆ ೧೬೯೬ರಲ್ಲಿ ಹೇರಿದ ತೆರಿಗೆಯನ್ನು ೧೮೫೧ರ ತನಕ ವಸೂಲುಮಾಡಿದ ಇಂಗ್ಲೆಂಡಿನಲ್ಲಿಯೇ, ಲಿವರ್‌ಪೂಲ್ ನಗರದಲ್ಲಿ ಹೇವರ್ಡ್ ಎಂಬ ವೈದ್ಯನು ೧೮೬೭ರಲ್ಲಿ ತನಗಾಗಿ ಒಂದು ವಿಚಿತ್ರವಾದ ಮನೆಯನ್ನು ಕಟ್ಟಿಸಿದನು. ಹೊರಗಾಳಿ ನೆಲಮಾಳಿಗೆಗೆ ಬಂದು, ಬಿಸಿನೀರಿನ ಕೊಳವೆಗಳ ಮೇಲೆ ಹಾದು ಬೆಚ್ಚಗಾಗಿ, ನಡುವಿನ ಪಡಸಾಲೆಗಳ ಮೂಲಕ ಕೊಠಡಿಗಳಿಗೆ ಏರುವುದು. ಕೆಟ್ಟ ಗಾಳಿ ಮಾಡಿನ ಕೆಳಗಿನ ಕೋಣೆಯೊಂದರಲ್ಲಿ ಕೂಡಿಕೊಂಡು, ಅಡುಗೆಮನೆಯ ಒಲೆಯ ಸೆಳೆತದಿಂದ ಕೆಳಗಿಳಿದು ಚಿಮಣಿಯಿಂದ ಹೊರಬೀಳುವುದು. ಇಡೀ ಮನೆಯನ್ನು ಅಡುಗೆಯ ಒಲೆಯೊಂದು ಉಸಿರಾಡಿಸುತ್ತಿದ್ದಿತು! ಬಂದ ದಾರಿ, ಹೋಗುವ ದಾರಿ ಎರಡೂ ಇಲ್ಲಿ ಗೊತ್ತಾಗಿದ್ದರೂ ಅವೆರಡನ್ನೂ ಮಗ್ಗುಲಿಗೆ ಮಗ್ಗುಲಾಗಿ ಹಾಯಿಸಿ ಬಿಸಿಯನ್ನು ಉಳಿಸುವ ಯೋಚನೆ ಆ ವೈದ್ಯನಿಗೆ ಹೊಳೆದಂತೆ ಕಾಣುವುದಿಲ್ಲ. ಕಲ್ಲಿದ್ದಲು ಅಗ್ಗವಾಗಿದ್ದ ಊರಿನಲ್ಲಿ ಅದು ಹೊಳೆಯುವ ಅಗತ್ಯವೂ ಇರಲಿಲ್ಲ.

ಇನ್ನು ೧೯೭೩ಕ್ಕೆ ಬರೋಣ. ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟು ಏರಿತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಕೋರ್ಸ್‌ಗಾರ್ಡ್ ಮತ್ತು ಎಸ್ಬೆನ್ಸೆನ್ ಎಂಬುವರು ಲಿಂಗ್‌ಬಿ ಎಂಬಲ್ಲಿ ೧೯೭೫ರಲ್ಲಿ ಒಂದು ಪ್ರಯೋಗದ ಮನೆಯನ್ನು ಕಟ್ಟಿದರು. ಜರ್ಮನಿಯ ಆಹೆನ್ ನಗರದಲ್ಲಿ ಫಿಲಿಪ್ಸ್ ಕಂಪೆನಿಯ ಸಂಶೋಧಕರು ಹೆಚ್ಚು ಕಡಮೆ ಅದೇ ಕಾಲದಲ್ಲಿ ಮತ್ತೊಂದನ್ನು ಕಟ್ಟಿದರು. ಎರಡರಲ್ಲಿಯೂ ದಪ್ಪನೆಯ ಶಾಖನಿರೋಧಕ ಗೋಡೆಗಳಿದ್ದವು. ಎರಡರಲ್ಲಿಯೂ ಹೊರಹೋಗುವ ಗಾಳಿಯ ಬಿಸಿಯನ್ನು ಹಿಂಪಡೆಯುವ ವ್ಯವಸ್ಥೆಯಿದ್ದಿತು. ಜಪಾನಿನಲ್ಲಿ ಮಿತ್ಸುಬಿಷಿ ಕಂಪೆನಿಯು ೧೯೭೦ರಷ್ಟು ಹಿಂದೆಯೇ ಕಾಗದದ ಹಾಳೆಗಳಿಂದ ಮಾಡಿದ, ಬಿಸಿಯ ಜೊತೆಗೆ ತೇವವನ್ನೂ ದಾಟಿಸುವ ಲಾಸ್‌ನೇ ಎಂಬ ಯಂತ್ರವನ್ನು ಹೊರತಂದಿದ್ದಿತು. ಆದುದರಿಂದ ‘ಮೊದಲಿಗರು’ ಯಾರೆಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಆದರೆ ಯಂತ್ರವನ್ನು ಸಾಮಾನ್ಯ ಸಂಸಾರಿಯ ಕೈಗೆ ಮುಟ್ಟಿಸಿದವರು ಯಾರೆಂದು ಕೇಳಿದರೆ ಉತ್ತರ ಸ್ಪಷ್ಟವಾಗಿದೆ. ಅವರು ಕೆನಡಾದ ಗೋಧಿಯ ಬಯಲುನಾಡಿನವರು.

ಸಸ್ಕಾಚೆವಾನ್ ಪ್ರಾಂತ್ಯದ ಚಳಿಗಾಲದಲ್ಲಿ ಪಾದರಸ ಸೊನ್ನೆಗಿಂತ ೪೦ ಡಿಗ್ರಿ ಕೆಳಗೆ ಇಳಿಯುವುದುಂಟು. ಅಲ್ಲಿಗೆ ಒಪ್ಪುವ ಸೌರಗೃಹವೊಂದನ್ನು ರಚಿಸಿಕೊಡಬೇಕೆಂದು ಪ್ರಾಂತೀಯ ಸರ್ಕಾರವು ಸಂಶೋಧಕರನ್ನು ಕೇಳಿಕೊಂಡಿತು. ಪ್ರಾಂತ್ಯದ ಸಂಶೋಧನ ಮಂಡಲಿ, ರಾಷ್ಟ್ರೀಯ ಸಂಶೋಧನ ಮಂಡಲಿಯ ಹೆರಾಲ್ಡ್ ಆರ್, ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದ ರಾಬರ್ಟ್ ಬೆಸಂಟ್, ರಾಬ್ ಡ್ಯೂಮಾಂಟ್ ಮೊದಲಾದವರು ಲೆಕ್ಕಹಾಕಲು ಕುಳಿತರು. ೫೦ ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯಷ್ಟು ಮಾತ್ರ. ಸೂರ್ಯನೂ ದಿಗಂತವನ್ನು ಬಿಟ್ಟು ಹೆಚ್ಚು ಮೇಲೇರನು. ಸಾಮಾನ್ಯ ಮನೆಯನ್ನು ಸೂರ್ಯನಿಂದ ಬಿಸಿಮಾಡಲು ಹೊರಟರೆ ಶಾಖವನ್ನು ಕೂಡಿಡುವ ತೊಟ್ಟಿಯೇ ಮನೆಗಿಂತ ದೊಡ್ಡ ತೊಡಕಾಗುವುದು. ಬಿಸಿಯನ್ನು ತರುವುದಕ್ಕಿಂತ ಇರುವುದನ್ನು ಬಿಡದಿರುವುದು ಲೇಸೆಂದು ಅವರು ನಿಶ್ಚಯಿಸಿದರು. ಕೇಳಿದ್ದು ಸೌರಗೃಹ, ಕೊಟ್ಟದ್ದು ಮಿತವ್ಯಯದ ಗೃಹ! ೧೯೭೭ರಲ್ಲಿ ರೆಜೈನಾ ನಗರದಲ್ಲಿ ತಲೆಯೆತ್ತಿದ ಅದಕ್ಕೆ ‘ಸಸ್ಕಾಚೆವಾನ್ ಕನ್ಸರ್ವೇಶನ್ ಹೌಸ್’ ಎಂದೇ ಹೆಸರಿಟ್ಟರು.

ಆ ಮನೆಯ ಗೋಡೆಗಳು ಒಂದು ಅಡಿ ದಪ್ಪ. ಮಾಡಿನಲ್ಲಿ ಇನ್ನೂ ದಪ್ಪನೆಯ ಶಾಖನಿರೋಧಕ. ಗೋಡೆಯೊಳಗೆ ಪಾಲಿಥೀನ್ ಹಾಳೆಯನ್ನು ಒಂದೆಡೆಯೂ ಹರಿಯದಂತೆ, ಸೇರುವ ಅಂಚುಗಳಲ್ಲಿ ಅಂಟು ಬಳಿದು, ಇಡೀ ಮನೆಗೆ ಒಂದು ಚೀಲದಂತೆ ಹೊದಿಸಿದರು. ಬಾಗಿಲಿನ ಚೌಕಟ್ಟಿನಲ್ಲಿ ಬೀಸಣಿಗೆಯನ್ನು ಕೂಡಿಸಿ, ಒಳಗೂ ಹೊರಗೂ ೫೦ ಪಾಸ್ಕಲ್ ಒತ್ತಡದ ಅಂತರವನ್ನುಂಟುಮಾಡಿ, ಮನೆ ಎಷ್ಟು ಸೋರುತ್ತದೆಂದು ಅಳೆಯುವ ವಿಧಾನ ಆಗತಾನೆ ರೂಢಿಗೆ ಬರುತ್ತಿದ್ದಿತು. ಆರ್ ಅವರು ಈ ಅಳತೆಯ ಪ್ರವರ್ತಕರಲ್ಲಿ ಒಬ್ಬರು. ಪೆಟ್ಟೆನ್‌ಕೋಫರನು ಅಂಟುಕಾಗದದಿಂದ ಹುಡುಕಲಾರದೆ ಹೋದ ಕಂಡಿಗಳನ್ನು ಈ ಬೀಸಣಿಗೆ ಸಿಳ್ಳುಹಾಕಿಸಿ ತೋರಿಸಿಬಿಡುತ್ತಿದ್ದಿತು. ರೆಜೈನಾದ ಮನೆಯಲ್ಲಿ ಈ ಪರೀಕ್ಷೆಯ ಒತ್ತಡದಲ್ಲಿ ಗಂಟೆಗೆ ೦.೮ ಪಾಲು ಗಾಳಿ ಮಾತ್ರ ಬದಲಾಯಿತು. ಆ ಕಾಲಕ್ಕೆ ಇದು ನಂಬಲಾಗದ ಬಿಗಿತವಾಗಿದ್ದಿತು.

ಇಂತಹ ಚೀಲದೊಳಗೆ ಸಂಸಾರ ಮಾಡುವುದು ಹೇಗೆ? ಉಸಿರು, ಸ್ನಾನ, ಅಡುಗೆ, ಬಟ್ಟೆ ಒಗೆತ ಇವುಗಳಿಂದ ಒಂದು ಕುಟುಂಬ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಮನೆಯ ಗಾಳಿಗೆ ಸೇರಿಸುವುದು. ಸೋರುವ ಮನೆಯಲ್ಲಿ ಇದು ತಾನಾಗಿಯೇ ಹೊರಟುಹೋಗುವುದು. ಸೋರದ ಮನೆಯಲ್ಲಿ ಕಿಟಕಿಯ ಗಾಜಿನ ಮೇಲೂ ಮೂಲೆಗಳಲ್ಲಿಯೂ ಹನಿಗಟ್ಟಿ ಬೂಷ್ಟು ಹಿಡಿಯುವುದು. ಕಿಟಕಿಯನ್ನು ತೆರೆಯೋಣವೆಂದರೆ ಉಳಿಸಿದ ಬಿಸಿಯೆಲ್ಲ ಬಯಲಿಗೆ. ಹೊರಗೆ ಸೊನ್ನೆಗಿಂತ ೨೩ ಡಿಗ್ರಿ ಕೆಳಗಿದ್ದಾಗಲೂ ಈ ಮನೆಯನ್ನು ಬೆಚ್ಚಗಿಡಲು ಒಟ್ಟು ೩೦೦೦ ವಾಟು ಸಾಕಾಗುತ್ತಿದ್ದಿತು. ನಾವು ಮೇಲೆ ಹಾಕಿದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಅದೇ ಚಳಿಯಲ್ಲಿ ಗಂಟೆಗೆ ೧೫೦ ಘನ ಮೀಟರ್ ಹೊಸ ಗಾಳಿಯನ್ನು ಬಿಸಿಮಾಡಲೆಂದೇ ೨೦೦೦ ವಾಟಿಗೂ ಮಿಕ್ಕು ಬೇಕು. ಎಂದರೆ ಹೊರಹೋಗುವ ಗಾಳಿಯ ಬಿಸಿಯನ್ನು ಹಿಂಪಡೆಯದಿದ್ದರೆ ಒಂದು ಅಡಿ ದಪ್ಪದ ಗೋಡೆಯ ಶ್ರಮವೆಲ್ಲ ಬಹುಮಟ್ಟಿಗೆ ವ್ಯರ್ಥ. ಕಾರ್ಖಾನೆಯ ತತ್ತ್ವ ಮನೆಯ ಹೊಸ್ತಿಲನ್ನು ದಾಟಿದ ಗಳಿಗೆ ಇದೇ ಎಂದು ನಾವು ಭಾವಿಸುತ್ತೇವೆ. ಅಲಂಕಾರಕ್ಕಾಗಿಯಾಗಲಿ ಸುಖಕ್ಕಾಗಿಯಾಗಲಿ ಅದು ಬರಲಿಲ್ಲ. ಬೇರೆ ದಾರಿಯಿಲ್ಲದೆ ಬಂದಿತು.

ಬೆಸಂಟ್, ಡ್ಯೂಮಾಂಟ್ ಮತ್ತು ವಾನ್ ಈ ಎಂಬ ಮೂವರು ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ ಶಾಖವಿನಿಮಯ ಯಂತ್ರವು ನೋಡಲು ಏನೇನೂ ಘನವಾಗಿರಲಿಲ್ಲ. ಪ್ಲೈವುಡ್ಡಿನ ಉದ್ದನೆಯ ಪೆಟ್ಟಿಗೆ. ಅದರೊಳಗೆ ಮರದ ಪಟ್ಟಿಗಳಿಂದ ಬೇರ್ಪಡಿಸಿದ, ಸಾಲುಸಾಲಾಗಿ ನಿಂತ ಪಾಲಿಥೀನ್ ಹಾಳೆಗಳು. ಒಂದು ಸಂದು ಬಿಟ್ಟು ಒಂದರಲ್ಲಿ ಹೊರಗಾಳಿ, ಉಳಿದವುಗಳಲ್ಲಿ ಒಳಗಾಳಿ. ಇದರ ನಕ್ಷೆಯನ್ನೂ ಮಾಡುವ ಕ್ರಮವನ್ನೂ ಅವರು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಜನರಿಗೆ ಹಂಚಿದರು. ಗರಗಸ, ಮೊಳೆಗಳನ್ನು ಹಿಡಿಯಬಲ್ಲ ರೈತನು ತನ್ನ ಮನೆಗೆ ಬೇಕಾದ ಯಂತ್ರವನ್ನು ತಾನೇ ಮಾಡಿಕೊಳ್ಳಬಹುದಾಗಿದ್ದಿತು. ಹಲವರು ಮಾಡಿಕೊಂಡರು ಕೂಡ. ವಿಶ್ವವಿದ್ಯಾನಿಲಯವೊಂದರ ಪ್ರಕಟನೆ ಇಷ್ಟು ನೇರವಾಗಿ ಒಲೆಯ ಬಳಿಗೆ ತಲುಪಿದ ಉದಾಹರಣೆಗಳು ವಿರಳವೆಂಬುದನ್ನು, ಇಂತಹ ಸಂಚಿಕೆಗಳಿಗೆ ಬರೆಯುವ ನಾವು ಸ್ವಲ್ಪ ಅಸೂಯೆಯಿಂದಲೇ ಗುರುತಿಸಬೇಕಾಗಿದೆ.

ಯಂತ್ರವನ್ನು ಚಳಿ ಸುಮ್ಮನೆ ಬಿಡಲಿಲ್ಲ. ಹೊರಹೋಗುವ ತೇವದ ಗಾಳಿ ಪೆಟ್ಟಿಗೆಯಲ್ಲಿ ತಣ್ಣಗಾಗುತ್ತ ಬಂದಂತೆ ಅದರ ನೀರು ಹನಿಗಟ್ಟುವುದು. ಇನ್ನೂ ತಣ್ಣಗಾದರೆ ಮಂಜುಗಡ್ಡೆಯಾಗಿ ಹಾದಿಯನ್ನೇ ಕಟ್ಟುವುದು. ಒಳಬರುವ ಗಾಳಿಯನ್ನು ಆಗಾಗ ನಿಲ್ಲಿಸಿ ಒಳಗಿನ ಬೆಚ್ಚನೆಯ ಗಾಳಿಯಿಂದಲೇ ಗಡ್ಡೆಯನ್ನು ಕರಗಿಸುವ ಏರ್ಪಾಡು ಈ ಅನುಭವದಿಂದ ಬಂದಿತು. ಸಸ್ಕಟೂನ್ ನಗರದಲ್ಲಿ ೧೯೮೦ರಲ್ಲಿ ಇದೇ ರೀತಿಯ ೧೪ ಮನೆಗಳ ಪ್ರದರ್ಶನ ನಡೆಯಿತು. ೧೯೮೨ರಲ್ಲಿ ಕೆನಡಾದ ಒಕ್ಕೂಟ ಸರ್ಕಾರವು ಗೃಹನಿರ್ಮಾಪಕರ ಸಂಘದೊಡನೆ ‘ಆರ್-೨೦೦೦’ ಎಂಬ ಯೋಜನೆಯನ್ನು ಆರಂಭಿಸಿದಾಗ ಯಾಂತ್ರಿಕ ವಾಯುಸಂಚಾರ ಅದರಲ್ಲಿ ಕಡ್ಡಾಯದ ಅಂಗವಾಯಿತು.

ಇಲ್ಲಿ ಇನ್ನೊಂದು ಮುಖವನ್ನೂ ಹೇಳದೆ ಬಿಡುವಂತಿಲ್ಲ. ಮನೆಯನ್ನು ಬಿಗಿಮಾಡಿದವರೆಲ್ಲರೂ ಗಾಳಿಯ ಯೋಚನೆ ಮಾಡಲಿಲ್ಲ. ಕೆನಡಾದಲ್ಲಿಯೇ ಸರ್ಕಾರದ ಸಹಾಯಧನದಿಂದ ಸಾವಿರಾರು ಹಳೆಯ ಮನೆಗಳ ಗೋಡೆಗಳಿಗೆ ಯೂರಿಯ-ಫಾರ್ಮಾಲ್ಡಿಹೈಡ್ ನೊರೆಯನ್ನು ತುಂಬಿದರು. ಅದರ ಆವಿಯಿಂದ ನಿವಾಸಿಗಳಿಗೆ ತೊಂದರೆಯಾಗುತ್ತಿದೆಯೆಂಬ ದೂರುಗಳ ಮೇಲೆ ೧೯೮೦ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸಬೇಕಾಯಿತು. ಅಮೆರಿಕದ ಎಂಜಿನಿಯರುಗಳ ಸಂಘವು ಒಬ್ಬನಿಗೆ ನಿಮಿಷಕ್ಕೆ ಕನಿಷ್ಠ ೫ ಘನ ಅಡಿ ಗಾಳಿ ಸಾಕೆಂದು ೧೯೭೩ರಲ್ಲಿ ಇಳಿಸಿದ್ದ ಪ್ರಮಾಣವನ್ನು ೧೯೮೯ರಲ್ಲಿ ೧೫ಕ್ಕೆ ಏರಿಸಿತು. ಈ ನಡುವಿನ ಹದಿನಾರು ವರ್ಷಗಳಲ್ಲಿ ಮುಚ್ಚಿದ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ತಲೆನೋವು, ಕಣ್ಣುರಿಗಳಿಂದ ನರಳಿದವರು ತೈಲಸಂಕಟದ ಚರಿತ್ರೆಯಲ್ಲಿ ಯಾವ ಅಧ್ಯಾಯದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ರೆಜೈನಾದ ಮನೆಯನ್ನು ನೋಡಲು ಸಾವಿರಾರು ಜನ ಬಂದರು. ಅವರ ಕಣ್ಣನ್ನು ಸೆಳೆದದ್ದು ಮಾಡಿನ ಬಳಿ ಹೊಳೆಯುತ್ತಿದ್ದ ಸೌರಫಲಕಗಳು. ಅವನ್ನು ಕಾಪಾಡುವುದು ಕಷ್ಟವಾಗಿ ಕಾಲಾನಂತರದಲ್ಲಿ ತೆಗೆದುಹಾಕಿದರು. ದಪ್ಪನೆಯ ಗೋಡೆಯೂ ಪಾಲಿಥೀನ್ ಚೀಲವೂ ಸದ್ದಿಲ್ಲದೆ ತಮ್ಮ ಕೆಲಸ ಮಾಡಿಕೊಂಡು ಹೋದವು. ಮುಂದೆ ತೈಲದ ಬೆಲೆ ಇಳಿದಾಗ ಉತ್ತರ ಅಮೆರಿಕ ಈ ಪಾಠವನ್ನು ಬಹುಮಟ್ಟಿಗೆ ಮರೆಯಿತು. ಅದನ್ನು ಎತ್ತಿಕೊಂಡವರು ಯೂರೋಪಿನವರು. ಸ್ವೀಡನ್ನಿನ ಬೂ ಆಡಮ್‌ಸನ್ ಮತ್ತು ಜರ್ಮನಿಯ ವೋಲ್ಫ್‌ಗಾಂಗ್ ಫೈಸ್ಟ್ ೧೯೮೮ರಲ್ಲಿ ನಡೆಸಿದ ಚರ್ಚೆಗಳ ಫಲವಾಗಿ ಡಾರ್ಮ್‌ಸ್ಟಾಟ್ ನಗರದ ಕ್ರಾನಿಶ್‌ಸ್ಟೈನಿನಲ್ಲಿ ನಾಲ್ಕು ಸಾಲುಮನೆಗಳು ಎದ್ದು ೧೯೯೧ರಲ್ಲಿ ಒಕ್ಕಲಾದವು. ಅಲ್ಲಿಯ ಶಾಖವಿನಿಮಯ ಯಂತ್ರ ನೂರಕ್ಕೆ ೮೦ಕ್ಕೂ ಹೆಚ್ಚು ಬಿಸಿಯನ್ನು ಹಿಂಪಡೆಯುತ್ತಿದ್ದಿತು. ‘ಪ್ಯಾಸಿವ್ ಹೌಸ್’ ಎಂಬ ಹೆಸರು ಲೋಕಪ್ರಸಿದ್ಧವಾದುದು ಇಲ್ಲಿಂದಲೇ. ಈ ಪಂಥದ ಸಂಸ್ಥೆಯು ೨೦೧೫ರಲ್ಲಿ ಪ್ರವರ್ತಕರಿಗೆ ಸಲ್ಲಿಸುವ ಗೌರವವನ್ನು ರೆಜೈನಾದ ಮನೆಗೆ ಸಲ್ಲಿಸಿತು. ಮೂವತ್ತೆಂಟು ವರ್ಷ ತಡವಾದರೂ ಋಣ ಒಪ್ಪಿಕೊಂಡದ್ದು ಮೆಚ್ಚತಕ್ಕದ್ದು.

ಯಂತ್ರವನ್ನು ಕಂಡುಹಿಡಿಯುವುದು ಒಂದು, ಅದನ್ನು ಮನೆಯಲ್ಲಿ ಸರಿಯಾಗಿ ಕೂಡಿಸುವುದು ಇನ್ನೊಂದು. ವಿಜ್ಞಾನದ ಚರಿತ್ರಕಾರರು ಮೊದಲನೆಯದನ್ನು ಬರೆದು ಎರಡನೆಯದನ್ನು ಬಡಗಿಗೂ ಕೊಳಾಯಿಯವನಿಗೂ ಬಿಟ್ಟುಬಿಡುತ್ತಾರೆ. ಈ ಯಂತ್ರದ ವಿಷಯದಲ್ಲಂತೂ ಎಲ್ಲವೂ ಕೂಡಿಸುವವನ ಕೈಯಲ್ಲಿದೆ. ಯಂತ್ರ ಮನೆಯ ಬೆಚ್ಚನೆಯ ಭಾಗದಲ್ಲಿರಬೇಕು. ತಣ್ಣನೆಯ ಮಾಡಿನ ಕೆಳಗೆ ಇಟ್ಟರೆ ನೀರಿನ ನಳಿಗೆ ಹೆಪ್ಪುಗಟ್ಟುವುದು. ಹೊರಗಿನಿಂದ ಯಂತ್ರಕ್ಕೆ ಬರುವ ಎರಡು ತಣ್ಣನೆಯ ಕೊಳವೆಗಳಿಗೆ ಶಾಖನಿರೋಧಕವನ್ನು ಸುತ್ತಿ, ಅದರ ಮೇಲೆ ತೇವ ಹೊಗದ ಹೊದಿಕೆಯನ್ನು ಬಿಗಿಯಬೇಕು. ಇಲ್ಲವಾದರೆ ಅವುಗಳ ಮೇಲೆ ಹನಿಗಟ್ಟಿ ಮಾಡಿನಿಂದ ತೊಟ್ಟಿಕ್ಕತೊಡಗುವುದು. ಗಾಳಿ ಹೊಗುವ ಬಾಯಿ ಗಾಳಿ ಹೊರಬೀಳುವ ಬಾಯಿಯಿಂದಲೂ ಮೋಟಾರುಗಾಡಿ ನಿಲ್ಲುವ ಜಾಗದಿಂದಲೂ ದೂರವಿರಬೇಕು. ಮಲಗುವ ಕೋಣೆ, ಹಜಾರಗಳಿಗೆ ಹೊಸ ಗಾಳಿ. ಬಚ್ಚಲು, ಅಡುಗೆಮನೆಗಳಿಂದ ಹಳೆಯ ಗಾಳಿ. ಒಲೆಯ ಮೇಲಿನ ಹೊಗೆಗೂಡನ್ನು ಮಾತ್ರ ಇದಕ್ಕೆ ಸೇರಿಸಬಾರದು. ಜಿಡ್ಡು ಹಾಳೆಗಳಿಗೆ ಅಂಟಿಕೊಳ್ಳುವುದು. ಆ ದೇಶಗಳಲ್ಲಿ ನೆಲಸಿ ಒಗ್ಗರಣೆಯನ್ನು ಬಿಡದ ಕನ್ನಡಿಗರಿಗೆ ಈ ಕೊನೆಯ ನಿಯಮ ವಿಶೇಷವಾಗಿ ಅನ್ವಯಿಸುವುದೆಂದು ಬೇರೆ ಹೇಳಬೇಕಾಗಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಒಳಬರುವ ಗಾಳಿಯೂ ಹೊರಹೋಗುವ ಗಾಳಿಯೂ ಸಮವಾಗಿವೆಯೆಂದು ಅಳೆದು ಸರಿಪಡಿಸಬೇಕು. ಅಳೆಯದೆ ಹೊರಟುಹೋದ ಕೆಲಸಗಾರನು ಬಿಟ್ಟುಹೋಗುವುದು ಯಂತ್ರವನ್ನಲ್ಲ, ಸದ್ದುಮಾಡುವ ಪೆಟ್ಟಿಗೆಯನ್ನು.

ಇದು ಕಲ್ಪನೆಯ ಮಾತಲ್ಲ. ನೆದರ್‌ಲೆಂಡ್ಸಿನ ಆಮರ್ಸ್‌ಫೋರ್ಟ್ ನಗರದ ವಾಟ್‌ಹಾರ್ಸ್ಟ್ ಎಂಬ ಹೊಸ ಬಡಾವಣೆಯಲ್ಲಿ ಈ ಯಂತ್ರಗಳಿದ್ದ ಮನೆಗಳ ನಿವಾಸಿಗಳು ೨೦೦೭ರ ವೇಳೆಗೆ ಅನಾರೋಗ್ಯದ ದೂರುಗಳನ್ನು ಸಲ್ಲಿಸಿದರು. ಪರೀಕ್ಷೆ ನಡೆದಾಗ ಸಾಲದ ಗಾಳಿ, ಕೊಳೆ ತುಂಬಿದ ಫಿಲ್ಟರುಗಳು, ಸದ್ದನ್ನು ತಾಳಲಾರದೆ ಜನರೇ ವೇಗವನ್ನು ತಗ್ಗಿಸಿದ್ದು, ಇಂತಹ ದೋಷಗಳು ಹೊರಬಿದ್ದವು. ಆ ದೇಶದಲ್ಲಿ ಯಂತ್ರದ ಹೆಸರೇ ಕೆಲಕಾಲ ಕೆಟ್ಟುಹೋಯಿತು. ತತ್ತ್ವದಲ್ಲಿ ದೋಷವಿರಲಿಲ್ಲ, ಕೂಡಿಸಿದ ಕೈಯಲ್ಲಿಯೂ ನೋಡಿಕೊಳ್ಳುವ ಕ್ರಮದಲ್ಲಿಯೂ ಇದ್ದಿತು. ಆದರೆ ರಾತ್ರಿ ನಿದ್ದೆಗೆಟ್ಟವನಿಗೆ ಈ ವಿವೇಚನೆಯಿಂದ ಆಗುವ ಪ್ರಯೋಜನವೇನು?

ಈ ಚರಿತ್ರೆಯನ್ನು ಸಸ್ಕಾಚೆವಾನಿಗಿಂತ ಇನ್ನೂ ಉತ್ತರಕ್ಕೆ ಕೊಂಡೊಯ್ಯಬೇಕಾಗಿದೆ. ಕೆನಡಾದ ನುನಾವುಟ್ ಪ್ರದೇಶದ ಇನ್ಯೂಟ್ ಜನರು ಹಿಂದೆ ಋತುವಿಗೆ ತಕ್ಕಂತೆ ಹಿಮದ ಮನೆಗಳಲ್ಲಿಯೂ ತೊಗಲಿನ ಗುಡಾರಗಳಲ್ಲಿಯೂ ಇದ್ದು ಸಂಚರಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಸರ್ಕಾರವು ಅವರನ್ನು ಊರುಗಳಲ್ಲಿ ನೆಲೆಗೊಳಿಸಿ, ದಕ್ಷಿಣದ ಮಾದರಿಯ ಸಣ್ಣ ಮನೆಗಳನ್ನು ಕಟ್ಟಿಕೊಟ್ಟಿತು. ಮನೆಗಳ ಸಂಖ್ಯೆ ಜನಕ್ಕೆ ಎಂದೂ ಸಾಲಲಿಲ್ಲ. ಅಲ್ಲಿಯ ಶಿಶುಗಳಲ್ಲಿ ಶ್ವಾಸಕೋಶದ ಸೋಂಕುಗಳು ಪ್ರಪಂಚದಲ್ಲಿಯೇ ಅತಿ ಹೆಚ್ಚಿನ ಪ್ರಮಾಣದಲ್ಲಿರುವುದನ್ನು ವೈದ್ಯರು ಗಮನಿಸಿದ್ದರು. ಥಾಮಸ್ ಕೊವೆಸಿ ಮತ್ತು ಅವರ ಸಹೋದ್ಯೋಗಿಗಳು ಬಾಫಿನ್ ಪ್ರದೇಶದ ೪೯ ಮನೆಗಳನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯಂತೆ ಒಂದೊಂದು ಮನೆಯಲ್ಲಿ ಸರಾಸರಿ ಆರು ಜನರಿಗೂ ಮಿಕ್ಕಿದ್ದರು. ಇಂಗಾಲದ ಡೈಆಕ್ಸೈಡಿನ ಸರಾಸರಿ ದಶಲಕ್ಷಕ್ಕೆ ೧೩೫೮. ನೂರರಲ್ಲಿ ೮೦ ಮನೆಗಳಿಗೆ ಬೇಕಾದಷ್ಟು ಗಾಳಿ ಬರುತ್ತಿರಲಿಲ್ಲ. ಪೆಟ್ಟೆನ್‌ಕೋಫರನು ೧೮೫೮ರಲ್ಲಿ ಎಳೆದ ಗೆರೆಯನ್ನು, ಅದನ್ನು ಎಳೆದು ಒಂದೂವರೆ ಶತಮಾನ ಕಳೆದ ಮೇಲೆ, ಜಗತ್ತಿನ ಸಿರಿವಂತ ರಾಷ್ಟ್ರಗಳಲ್ಲಿ ಒಂದರ ಹಸುಳೆಗಳು ದಾಟಿ ಮಲಗಿದ್ದವು.

ಆ ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಸಣ್ಣ ಮಕ್ಕಳಿದ್ದ ಇನ್ಯೂಟ್ ಮನೆಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಕೆಲವಕ್ಕೆ ಕೆಲಸಮಾಡುವ ಶಾಖವಿನಿಮಯ ಯಂತ್ರವನ್ನೂ ಉಳಿದವಕ್ಕೆ ಹೊರಗಾಳಿಯನ್ನು ತಾರದ ಸೋಗಿನ ಯಂತ್ರವನ್ನೂ ಕೂಡಿಸಿ, ಯಾವುದು ಯಾವುದೆಂದು ಮನೆಯವರಿಗೆ ತಿಳಿಸದೆ, ತಿಂಗಳುಗಳ ಕಾಲ ಮಕ್ಕಳ ಉಸಿರನ್ನು ಗಮನಿಸಿತು. ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು. ನಿಜವಾದ ಯಂತ್ರವಿದ್ದ ಮನೆಗಳಲ್ಲಿ ಡೈಆಕ್ಸೈಡಿನ ಮಟ್ಟ ಇಳಿಯಿತು; ಮಕ್ಕಳ ಎದೆಯ ಉಬ್ಬಸದ ಸದ್ದು ತಿಂಗಳು ಕಳೆದಂತೆ ಕಡಮೆಯಾಗುತ್ತ ಬಂದಿತು; ಮೂಗು ಸೋರುವುದೂ ಕಡಮೆಯಾಯಿತು. ಆರೋಗ್ಯ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯುವ ಸಂಖ್ಯೆಯಲ್ಲಿ ಮಾತ್ರ ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ. ಇದನ್ನೂ ಸಂಶೋಧಕರು ಮುಚ್ಚಿಡದೆ ಬರೆದಿದ್ದಾರೆ. ಆರು ಜನ ಸಣ್ಣ ಮನೆಯಲ್ಲಿ ಒತ್ತಾಗಿ ಮಲಗುವುದನ್ನು ತಪ್ಪಿಸಲು ಯಂತ್ರದಿಂದ ಆಗುವುದಿಲ್ಲ. ಅದಕ್ಕೆ ಇನ್ನಷ್ಟು ಮನೆಗಳೇ ಬೇಕು.